ರಸ್ತೆ ಬದಿಯ ಬೀದಿಪ್ರಾಣಿ: ಎತ್ತಿಕೊಳ್ಳಬೇಕೋ, ಕರೆ ಮಾಡಬೇಕೋ, ಅಲ್ಲೇ ಬಿಡಬೇಕೋ?

ರಿಂಗ್ ರೋಡಿನ ಡಿವೈಡರ್ ಮೇಲೆ ಮಲಗಿದ ನಾಯಿ. ಫ್ಲೈಓವರ್ ಕೆಳಗೆ ಮರಿ ಹಾಕಿದ ಹೆಣ್ಣುನಾಯಿ. ಹೆದ್ದಾರಿಯ ನಡುವೆ ಮೆಲುಕು ಹಾಕುತ್ತ ಕೂತ ಬಿಡಾಡಿ ದನ. ಕಾರಿನಡಿಯಿಂದ ಕುಂಟುತ್ತ ಹೊರಬಂದ ಬೆಕ್ಕು. ಇವುಗಳಲ್ಲಿ ಯಾವುದನ್ನು ಕಂಡರೂ ಏಳುವ ಪ್ರಶ್ನೆ ಒಂದೇ, ಇದನ್ನು ಇಲ್ಲಿಂದ ಕರೆದೊಯ್ಯಲೇ? ಉತ್ತರ ಮಾತ್ರ ಒಂದೊಂದಕ್ಕೂ ಬೇರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗಾಯವಾಗದ, ಬೆಳೆದ ಬೀದಿನಾಯಿಯನ್ನು ಬಹುತೇಕ ಸಂದರ್ಭಗಳಲ್ಲಿ ಎತ್ತಿಕೊಂಡು ಹೋಗಬಾರದು. ಅದು ರಸ್ತೆಗೆ ಇಳಿಯುವುದಕ್ಕೆ ಕಾರಣವೇನೋ ಅದನ್ನು ಸರಿಪಡಿಸಬೇಕು. ಗಾಯವಾದದ್ದನ್ನು ಬಿಟ್ಟು ಹೋಗಬಾರದು. ಆದರೆ ನೀವೇ ಎತ್ತಬೇಕೋ, ಬೇರೆಯವರನ್ನು ಕರೆಸಬೇಕೋ ಎಂಬುದನ್ನು ಆ ಹೊತ್ತಿನ ಕನಿಕರವೊಂದೇ ತೀರ್ಮಾನಿಸಬಾರದು. ಎತ್ತುವ ಮೊದಲು ಇಳಿಸುವ ಜಾಗ ಗೊತ್ತಿರಬೇಕು.

ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಮೊದಲನೆಯದು ರಸ್ತೆಯದು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕ್ ಒತ್ತಿ ಗಾಡಿ ಪೂರ್ತಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 60 ಮೀಟರ್ ಕಳೆದಿರುತ್ತದೆ. ವೇಗ 100 ಇದ್ದರೆ ಅದು 90 ಮೀಟರಿಗೆ ಹತ್ತಿರ. ಮಳೆ, ಇಳಿಜಾರು, ಲೋಡ್ ತುಂಬಿದ ಲಾರಿ ಎಂದರೆ ಇನ್ನೂ ಹೆಚ್ಚು. ಆದ್ದರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ಕಡೆ ಮುಖ್ಯ ಲೇನಿಗೆ ಕಾಲ್ನಡಿಗೆಯಲ್ಲಿ ಇಳಿಯುವ ಮಾತೇ ಇಲ್ಲ, ಅಲ್ಲಿ ಕರೆ ಮಾಡುವುದೊಂದೇ ದಾರಿ. ಸಿಗ್ನಲ್, ಹಂಪ್ ಇರುವ, ಗಾಡಿಗಳು 40ರೊಳಗೆ ಓಡುವ ಊರೊಳಗಿನ ರಸ್ತೆಯಲ್ಲಿ ಇಬ್ಬರಿದ್ದರೆ ಕೆಲಸ ಆಗುತ್ತದೆ.

ಎರಡನೆಯದು, ಪ್ರಾಣಿಗೆ ನಿಜಕ್ಕೂ ಏಟಾಗಿದೆಯೇ? ಡಿವೈಡರ್ ಮೇಲೆ ಮಲಗಿದ ನಾಯಿಗಳಲ್ಲಿ ಬಹಳಷ್ಟು ಸುಮ್ಮನೆ ಮಲಗಿರುತ್ತವೆ. ತಂಪು ಹುಲ್ಲು, ಜನರ ಕಾಟವಿಲ್ಲದ ಜಾಗ, ಅಷ್ಟೇ. ಅದೇ ರೀತಿ, ಏಟು ತಿಂದೂ ಎದ್ದು ಓಡಿದ ನಾಯಿಗೆ ಏನೂ ಆಗಿಲ್ಲ ಎಂದುಕೊಳ್ಳುವುದೂ ತಪ್ಪು. ಗಾಬರಿಯ ಬಲದಲ್ಲಿ ಅದು ನೂರು ಮೀಟರ್ ಓಡಬಲ್ಲದು. ಒಳಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಹರಿದಿರುವುದು ಅಥವಾ ಮೂತ್ರಕೋಶ ಒಡೆದಿರುವುದು ಗೊತ್ತಾಗುವುದು ಎಷ್ಟೋ ಸಲ ಮರುದಿನ.

ಮೂರನೆಯದು, ಅದು ಯಾರಿಗೆ ಸೇರಿದ್ದು? ಕಿವಿಯ ತುದಿಯಲ್ಲಿ ಕಚ್ಚು ಇದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿ, ಅದಕ್ಕೊಂದು ವಾಸಸ್ಥಳ ಇದೆ, ಬಹುಶಃ ಅನ್ನ ಹಾಕುವವರೂ ಇದ್ದಾರೆ. ಕುತ್ತಿಗೆಯಲ್ಲಿ ಬೆಲ್ಟ್ ಇದ್ದು ದಿಕ್ಕೆಟ್ಟು ರಸ್ತೆಯುದ್ದಕ್ಕೂ ಓಡುತ್ತಿದ್ದರೆ ಕಳೆದುಹೋದ ಸಾಕುನಾಯಿ ಇರಬಹುದು. ಅದನ್ನು ಮಾತ್ರ ತಕ್ಷಣ ಹಿಡಿಯಬೇಕು, ಏಕೆಂದರೆ ಅದಕ್ಕೆ ಗಾಡಿಗಳ ಅಭ್ಯಾಸವಿರುವುದಿಲ್ಲ. ಹೆಣ್ಣುನಾಯಿಯ ಮೊಲೆ ತುಂಬಿ ಜೋತಾಡುತ್ತಿದ್ದರೆ ಹತ್ತಿರದಲ್ಲೇ ಮರಿಗಳಿವೆ ಎಂದರ್ಥ, ತಾಯಿಯನ್ನೊಂದೇ ಆಸ್ಪತ್ರೆಗೆ ಒಯ್ದರೆ ಮರಿಗಳು ಸಾಯುತ್ತವೆ. ದನದ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ಅದಕ್ಕೆ ಮಾಲೀಕರಿದ್ದಾರೆ. ಆ ಸಂಖ್ಯೆಯನ್ನು ಸರ್ಕಾರಿ ಪಶುವೈದ್ಯರಿಗೆ ಕೊಟ್ಟರೆ ಹೆಸರು ಸಿಗುತ್ತದೆ.

ನಾಲ್ಕನೆಯದೇ ಹೆಚ್ಚಿನವರು ಮರೆಯುವುದು. ಮುಂದಿನ ಒಂದು ಗಂಟೆಯಲ್ಲ, ಮುಂದಿನ ಮೂರು ವಾರ ಈ ಪ್ರಾಣಿ ಎಲ್ಲಿರುತ್ತದೆ, ಖರ್ಚು ಯಾರದು? ಇದಕ್ಕೆ ಉತ್ತರವಿಲ್ಲದೆ ಎತ್ತಿಕೊಂಡ ಪ್ರಾಣಿಗಳೇ ಮೂರನೇ ದಿನ ಅರೆ ಮಾಗಿದ ಗಾಯದೊಂದಿಗೆ ಬೇರೆ ಬಡಾವಣೆಯ ಬೀದಿಯಲ್ಲಿ ಇಳಿಯುವುದು.

ಅಲ್ಲೇ ಬಿಟ್ಟು, ಜಾಗ ಸರಿಪಡಿಸುವುದು

ಖರ್ಚು ತೀರ ಕಡಿಮೆ, ಫಲ ಹೆಚ್ಚು. ಆದರೆ ತಾಳ್ಮೆ ಬೇಕು.

ನಾಯಿಗಳು ತಮ್ಮ ಸರಹದ್ದು ಬಿಟ್ಟು ಬದುಕುವ ಪ್ರಾಣಿಗಳಲ್ಲ. ರಿಂಗ್ ರೋಡಿನ ಆರೋಗ್ಯವಂತ ನಾಯಿಯನ್ನು ಹತ್ತು ಕಿಲೋಮೀಟರ್ ದೂರದ ‘ಪ್ರಶಾಂತ’ ಬಡಾವಣೆಗೆ ಬಿಟ್ಟರೆ ಅಲ್ಲಿನ ಗುಂಪು ಅದನ್ನು ಅಟ್ಟುತ್ತದೆ. ಅದು ವಾಪಸು ಬರಲು ಹೊರಟು ಗೊತ್ತಿಲ್ಲದ ನಾಲ್ಕು ರಸ್ತೆ ದಾಟಬೇಕಾಗುತ್ತದೆ. ಸ್ವಂತ ರಸ್ತೆಯ ಸದ್ದು, ಗಾಡಿಗಳ ವರಸೆ ಅದಕ್ಕೆ ಗೊತ್ತಿತ್ತು, ಹೊಸದರದ್ದು ಗೊತ್ತಿಲ್ಲ. ಖಾಲಿಯಾದ ಹಳೆಯ ಜಾಗಕ್ಕೆ, ಅಲ್ಲಿ ತಿನ್ನಲು ಸಿಗುವ ತನಕ, ಶಸ್ತ್ರಚಿಕಿತ್ಸೆಯಾಗದ ಬೇರೆ ನಾಯಿಗಳು ಬರುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಚಿಕಿತ್ಸೆಯ ನಂತರ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎಂದು ಹೇಳುವುದರ ಹಿಂದಿನ ಲೆಕ್ಕವೂ ಇದೇ.

ಹಾಗಾದರೆ ಸರಿಪಡಿಸುವುದು ಏನನ್ನು? ನಾಯಿ ರಸ್ತೆ ದಾಟುವುದು ಯಾಕೆ ಎಂದು ಎರಡು ಸಂಜೆ ನಿಂತು ನೋಡಿ. ಒಂದು ಬದಿಯಲ್ಲಿ ಕೋಳಿ ಅಂಗಡಿ ಅಥವಾ ಕಸದ ರಾಶಿ, ಇನ್ನೊಂದು ಬದಿಯಲ್ಲಿ ನೀರು ಅಥವಾ ಮಲಗುವ ಜಾಗ, ಇದೇ ಸಾಮಾನ್ಯ ಚಿತ್ರ. ಎರಡನ್ನೂ ಒಂದೇ ಬದಿಗೆ ತಂದರೆ ದಾಟುವುದು ತಾನಾಗಿ ಕಡಿಮೆಯಾಗುತ್ತದೆ. ಅನ್ನ ಹಾಕುವ ಜಾಗವನ್ನು ಮುಖ್ಯರಸ್ತೆಯಿಂದ ಒಳಗಿನ ಅಡ್ಡರಸ್ತೆಗೆ ದಿನಕ್ಕೆ ಹತ್ತು ಹದಿನೈದು ಹೆಜ್ಜೆಯಂತೆ ಸರಿಸುತ್ತ ಹೋಗಿ. ಒಂದೇ ದಿನ ನೂರು ಮೀಟರ್ ಸರಿಸಿದರೆ ನಾಯಿ ಹಳೆಯ ಜಾಗದಲ್ಲೇ ಕಾಯುತ್ತದೆ. ಸಮಯ ಒಂದೇ ಇರಲಿ, ಟ್ರಾಫಿಕ್ ಜೋರಾಗುವ ಮೊದಲು ಅಥವಾ ಇಳಿದ ಮೇಲೆ. ಕಾರು ನಿಲ್ಲಿಸಿ ಕಿಟಕಿಯಿಂದ ಬಿಸ್ಕೆಟ್ ಎಸೆಯುವುದು ತೋರಿಕೆಗೆ ದಯೆ. ಆದರೆ ನಾಯಿ ಅದರಿಂದ ಕಲಿಯುವುದು ನಿಧಾನವಾಗುವ ಗಾಡಿಯ ಕಡೆಗೆ ಓಡಬೇಕು ಎಂಬುದನ್ನು. ದಯವಿಟ್ಟು ಬೇಡ. ಸುಪ್ರೀಂ ಕೋರ್ಟಿನ 2025ರ ಆಗಸ್ಟ್ 22ರ ಆದೇಶ ವಾರ್ಡುಗಳಲ್ಲಿ ಆಹಾರ ಹಾಕುವ ಜಾಗ ಗುರುತಿಸಬೇಕೆಂದು ಹೇಳಿದೆ, ನಿಮ್ಮ ವಾರ್ಡಿನಲ್ಲಿ ಅದು ಎಲ್ಲಿ ಎಂದು ಪಾಲಿಕೆಯಲ್ಲಿ ಕೇಳಿ ಅಲ್ಲಿಗೇ ಸರಿಸುವುದು ಒಳ್ಳೆಯದು.

ಇದರ ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ. ಬೆದೆಗೆ ಬಂದ ಹೆಣ್ಣಿನ ಹಿಂದೆ ಐದಾರು ಗಂಡುನಾಯಿಗಳು ಮೈಮೇಲೆ ಎಚ್ಚರವಿಲ್ಲದೆ ರಸ್ತೆ ದಾಟುತ್ತವೆ. ಒಂದು ಹೆಣ್ಣಿಗೆ ಶಸ್ತ್ರಚಿಕಿತ್ಸೆ ಆದರೆ ಇಡೀ ಗುಂಪಿನ ಓಡಾಟ ಇಳಿಯುತ್ತದೆ.

ರಾತ್ರಿ ಹೊಳೆಯುವ ಕಾಲರ್ ಕಟ್ಟುವುದೂ ಉಪಯುಕ್ತ, ಆದರೆ ಕಟ್ಟುವ ಕ್ರಮ ಗೊತ್ತಿರಬೇಕು. ಕುತ್ತಿಗೆ ಮತ್ತು ಕಾಲರ್ ನಡುವೆ ಎರಡು ಬೆರಳು ಆಡಬೇಕು. ಒಂದು ವರ್ಷದೊಳಗಿನ ಬೆಳೆಯುವ ನಾಯಿಗೆ ಕಟ್ಟಲೇಬೇಡಿ. ಮೈ ಬೆಳೆದಂತೆ ಪಟ್ಟಿ ಚರ್ಮದೊಳಗೆ ಇಳಿದು ಸುತ್ತಲೂ ಹುಳ ಬೀಳುತ್ತದೆ, ಹಾಗೆ ಆಸ್ಪತ್ರೆಗೆ ಬರುವ ನಾಯಿಗಳು ಕಡಿಮೆಯಿಲ್ಲ. ಬಕಲ್ ಇರುವ ಗಟ್ಟಿ ಪಟ್ಟಿಗಿಂತ ಎಲ್ಲಾದರೂ ಸಿಕ್ಕಿಕೊಂಡರೆ ಬಿಟ್ಟುಕೊಳ್ಳುವ ವೆಲ್ಕ್ರೋ ಪಟ್ಟಿ ವಾಸಿ.

ಮರಿಗಳ ವಿಷಯದಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮೋರಿಯೊಳಗೆ ಅಥವಾ ಡಿವೈಡರ್ ಪೊದೆಯಲ್ಲಿ ಮರಿಗಳಿದ್ದರೆ ಸ್ಥಳಾಂತರ ಸರಿಯೇ, ಆದರೆ ಅದೇ ಸರಹದ್ದಿನೊಳಗೆ, 50–100 ಮೀಟರ್ ಒಳಗಿನ ಸುರಕ್ಷಿತ ಮೂಲೆಗೆ, ಎಲ್ಲ ಮರಿಗಳನ್ನೂ ಒಟ್ಟಿಗೆ, ತಾಯಿ ನೋಡುತ್ತಿರುವಾಗಲೇ. ಎರಡನ್ನು ಒಯ್ದು ಎರಡನ್ನು ಬಿಟ್ಟರೆ ತಾಯಿ ರಾತ್ರಿಯಿಡೀ ರಸ್ತೆ ದಾಟುತ್ತ ಹುಡುಕುತ್ತಾಳೆ. ತಾಯಿ ಕಾಣಿಸದಿದ್ದರೆ ‘ಅನಾಥ’ ಎಂದು ತಕ್ಷಣ ತೀರ್ಮಾನಿಸಬೇಡಿ. ಮರಿಗಳು ಬೆಚ್ಚಗಿದ್ದು, ಹೊಟ್ಟೆ ಗುಂಡಗಿದ್ದರೆ ನಾಲ್ಕೈದು ಗಂಟೆ ದೂರದಿಂದ ಕಾಯಿರಿ. ತಣ್ಣಗಾಗಿ, ಎಡೆಬಿಡದೆ ಕುಂಯ್‌ಗುಟ್ಟುತ್ತಿದ್ದರೆ ಮಾತ್ರ ಕೈ ಹಾಕಿ. ನಾಲ್ಕು ವಾರದೊಳಗಿನ ಮರಿಗೆ ಹಗಲು ರಾತ್ರಿ ಮೂರು ನಾಲ್ಕು ಗಂಟೆಗೊಮ್ಮೆ ಹಾಲು ಬೇಕು, ಅದೂ ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿ. ಹಸುವಿನ ಹಾಲು ಭೇದಿ ತರಿಸುತ್ತದೆ, ಅಷ್ಟು ಚಿಕ್ಕ ಮರಿ ಭೇದಿಯಿಂದ ಒಂದೇ ದಿನದಲ್ಲಿ ಹೋಗಬಹುದು.

ಕರೆ ಮಾಡಿ ಕಾಯುವುದು

ದನ, ಕುದುರೆ, ಕತ್ತೆ ಮುಂತಾದ ದೊಡ್ಡ ಪ್ರಾಣಿಗಳಿಗೆ, ವೇಗದ ಹೆದ್ದಾರಿಗೆ, ನೀವು ಒಬ್ಬರೇ ಇರುವಾಗ, ಕಚ್ಚಲು ಬರುವ ನಾಯಿಗೆ ಇದೇ ಆಯ್ಕೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಮಾಡಿದರೆ ಗಸ್ತು ವಾಹನ ಬಂದು ಲೇನ್ ಮುಚ್ಚಬಹುದು. ಜಾನುವಾರು ಚಿಕಿತ್ಸೆಗೆ 1962, ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನ. ಸಂಚಾರಕ್ಕೇ ಅಪಾಯವಿದ್ದರೆ 112. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533. ಗಾಯಗೊಂಡದ್ದು ಕೋತಿ, ಮುಂಗುಸಿ, ಹಾವು, ಹದ್ದು ಎಂದಾದರೆ ಅದು ಬೀದಿಪ್ರಾಣಿಯಲ್ಲ, ವನ್ಯಜೀವಿ. ಮನೆಗೆ ಒಯ್ಯುವಂತಿಲ್ಲ, ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ. ಇದಲ್ಲದೆ ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ನಂಥ ಪ್ರಾಣಿರಕ್ಷಣಾ ಸಂಸ್ಥೆಗಳಿವೆ. ನಿಮ್ಮ ಊರಿನ ಇಂಥ ಎರಡು ಸಂಸ್ಥೆಗಳ ನಂಬರನ್ನು ಇವತ್ತೇ ಫೋನಿನಲ್ಲಿ ಇಟ್ಟುಕೊಳ್ಳಿ, ರಸ್ತೆಯಲ್ಲಿ ನಿಂತು ಹುಡುಕುವುದು ಆಗುವ ಕೆಲಸವಲ್ಲ.

ಈ ಆಯ್ಕೆಯ ದೊಡ್ಡ ಕೊರತೆ ಸಮಯ. ವ್ಯಾನ್ ಒಂದೇ, ಕರೆಗಳು ಹತ್ತಾರು. ಪೀಕ್ ಅವರ್‌ನಲ್ಲಿ ಎರಡು ಮೂರು ಗಂಟೆ ಹಿಡಿಯುವುದು ಅಪರೂಪವಲ್ಲ, ರಾತ್ರಿ ಬರದೆಯೂ ಹೋಗಬಹುದು. ಕರೆಯನ್ನು ಸರಿಯಾಗಿ ಮಾಡಿದರೆ ಕಾಯುವುದು ಕಡಿಮೆಯಾಗುತ್ತದೆ. ‘ಸಿಲ್ಕ್ ಬೋರ್ಡ್ ಹತ್ತಿರ’ ಎಂದರೆ ಸಾಲದು. ಯಾವ ಊರಿನ ಕಡೆ ಹೋಗುವ ಬದಿ, ಸರ್ವಿಸ್ ರಸ್ತೆಯೋ ಮುಖ್ಯರಸ್ತೆಯೋ, ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಫ್ಲೈಓವರ್ ಕಂಬದ ಸಂಖ್ಯೆ. ಪ್ರಾಣಿ ನಿಲ್ಲಬಲ್ಲದೇ, ಒಸಡಿನ ಬಣ್ಣ ಏನು, ರಕ್ತ ಹರಿಯುತ್ತಿದೆಯೇ, ಕಚ್ಚುತ್ತಿದೆಯೇ. ಒಂದು ಫೋಟೊ, ಹತ್ತು ಸೆಕೆಂಡಿನ ವಿಡಿಯೊ, ಲೈವ್ ಲೊಕೇಶನ್. ಕೊನೆಗೆ, ವ್ಯಾನ್ ಬರುವವರೆಗೂ ಯಾರಾದರೂ ಅಲ್ಲಿ ಇರುತ್ತಾರೆ ಎಂಬ ಮಾತು. ಕರೆ ಮಾಡಿದವರು ಹೊರಟುಹೋದರೆ ಏಟು ತಿಂದ ನಾಯಿ ತೆವಳಿಕೊಂಡು ಚರಂಡಿಯೊಳಗೆ ಸೇರಿಬಿಡುತ್ತದೆ, ಬಂದವರು ಹುಡುಕಿ ಸೋತು ವಾಪಸಾಗುತ್ತಾರೆ. ನಿಲ್ಲಲಾಗದಿದ್ದರೆ ಪಕ್ಕದ ಟೀ ಅಂಗಡಿಯವರನ್ನೋ ಸೆಕ್ಯುರಿಟಿಯವರನ್ನೋ ಒಪ್ಪಿಸಿ ಅವರ ನಂಬರ್ ಕೊಡಿ.

ನೀವೇ ಆಸ್ಪತ್ರೆಗೆ ಒಯ್ದು, ಗುಣವಾದ ಮೇಲೆ ಅಲ್ಲೇ ಬಿಡುವುದು

ನಾಯಿ ಅಥವಾ ಬೆಕ್ಕಿಗೆ ಗಂಭೀರ ಏಟಾಗಿದೆ, ನಿಧಾನದ ರಸ್ತೆ, ಇಬ್ಬರಿದ್ದೀರಿ, ಕಾರು ಅಥವಾ ಆಟೊ ಇದೆ ಎಂದಾದರೆ ಇದನ್ನೇ ಆರಿಸಿ.

ತುರ್ತು ಎಷ್ಟು ಎಂದು ತಿಳಿಯಲು ಒಸಡು ನೋಡಿ, ಕಚ್ಚುವಂತಿಲ್ಲದಿದ್ದರೆ ಮಾತ್ರ. ಗುಲಾಬಿ ಬಣ್ಣವಿದ್ದು, ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳಿದರೆ ಸ್ವಲ್ಪ ಸಮಯವಿದೆ. ಬಿಳಿಚಿಕೊಂಡಿದ್ದರೆ ಆಘಾತ (ರಕ್ತಸಂಚಾರ ಕುಸಿಯುವ ಸ್ಥಿತಿ, ಶಾಕ್) ಅಥವಾ ಒಳಗಿನ ರಕ್ತಸ್ರಾವ, ವ್ಯಾನಿಗೆ ಕಾಯುವ ಹೊತ್ತಲ್ಲ. ಮಲಗಿದ್ದಲ್ಲೇ ಹೊಟ್ಟೆಯಿಂದ ದಮ್ಮು ಕಟ್ಟಿ ಉಸಿರಾಡುವುದು, ಹೊಟ್ಟೆ ಉಬ್ಬುತ್ತ ಹೋಗುವುದು, ಹಿಂಗಾಲುಗಳು ಪೂರ್ತಿ ಸತ್ತಂತಿರುವುದು, ಇವೂ ಹಾಗೆಯೇ.

ಮೊದಲು ಗಾಡಿಯ ಹಜಾರ್ಡ್ ದೀಪ ಹಾಕಿ, ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ಪ್ರತಿಫಲಕ ತ್ರಿಕೋನ ಇಡಿ. ಒಬ್ಬರು ಟಾರ್ಚ್ ಹಿಡಿದು ಬರುವ ಗಾಡಿಗಳ ಕಡೆಗೇ ಮುಖ ಮಾಡಿ ನಿಲ್ಲಬೇಕು, ಅವರಿಗೆ ಬೇರೆ ಕೆಲಸವಿಲ್ಲ. ಇನ್ನೊಬ್ಬರು ರಸ್ತೆಯ ಕಡೆಯಿಂದ ಫುಟ್‌ಪಾತಿನ ಕಡೆಗೆ ಪ್ರಾಣಿಯನ್ನು ಸಮೀಪಿಸಬೇಕು. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಫುಟ್‌ಪಾತಿನಿಂದ ನೇರ ನಡೆದು ಹೋದಾಗ ಹೆದರಿದ ನಾಯಿಗೆ ಉಳಿಯುವ ದಾರಿ ರಸ್ತೆಯೊಂದೇ, ಅದು ಗಾಡಿಯಡಿಗೇ ನುಗ್ಗುತ್ತದೆ. ಟ್ರಾಫಿಕ್ ತಡೆಯುವವರು ಇಲ್ಲವಾದರೆ ರಸ್ತೆಯ ಕಡೆ ಹೋಗಲೇಬೇಡಿ, ದೂರದಿಂದ ಕಾವಲು ನಿಂತು ಕರೆ ಮಾಡಿ.

ಪಕ್ಕವಾಗಿ ಬಾಗಿ, ಕಣ್ಣಲ್ಲಿ ಕಣ್ಣಿಡದೆ ಹತ್ತಿರ ಹೋಗಿ. ಸಾಧು ನಾಯಿಯೂ ನೋವಿನಲ್ಲಿ ಕಚ್ಚುತ್ತದೆ. ಎರಡು ಇಂಚು ಅಗಲದ, ಒಂದು ಮೀಟರ್ ಉದ್ದದ ಗಾಜ್ ಬ್ಯಾಂಡೇಜಿನಲ್ಲಿ ಕುಣಿಕೆ ಮಾಡಿ ಮೂತಿಗೆ ಹಾಕಿ, ಮೇಲೊಂದು ಗಂಟು, ಗದ್ದದ ಕೆಳಗೊಂದು ಗಂಟು, ಕಿವಿಗಳ ಹಿಂದೆ ಬಿಚ್ಚಲು ಸುಲಭವಾದ ಜಾರುಗಂಟು. ಉಸಿರಾಟಕ್ಕೆ ಕಷ್ಟಪಡುವ, ವಾಂತಿ ಮಾಡುತ್ತಿರುವ, ದವಡೆ ಮುರಿದ ನಾಯಿಗೆ ಬಾಯಿ ಕಟ್ಟಬಾರದು. ಅಂಥದ್ದಕ್ಕೆ ದಪ್ಪ ಕಂಬಳಿಯನ್ನು ತಲೆಯ ಮೇಲೆ ಸಡಿಲವಾಗಿ ಹೊದಿಸಿ. ಬೆಕ್ಕಿಗೆ ಬಾಯಿಕಟ್ಟು ನಿಲ್ಲುವುದಿಲ್ಲ. ಟವೆಲ್ ಮೇಲೆ ಹಾಕಿ ಸುತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಟೇಪ್ ಮಾಡಿ.

ಎತ್ತುವಾಗ ಕಾಲು ಹಿಡಿದು ಎಳೆಯಬೇಡಿ, ಬೆನ್ನುಹುರಿಗೆ ಏಟಾಗಿದ್ದರೆ ಆ ಒಂದು ಎಳೆತಕ್ಕೆ ಉಳಿದದ್ದೂ ಹೋಗುತ್ತದೆ. ಬೆಡ್‌ಶೀಟನ್ನು ಬೆನ್ನಿನ ಪಕ್ಕ ಹಾಸಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿದು ಅದರ ಮೇಲೆ ಜಾರಿಸಿ, ನಾಲ್ಕು ಮೂಲೆ ಹಿಡಿದು ಎತ್ತಿ. ಪ್ಲೈವುಡ್ ಹಲಗೆ ಸಿಕ್ಕರೆ ಇನ್ನೂ ಒಳ್ಳೆಯದು. ರಕ್ತ ಹರಿಯುತ್ತಿದ್ದರೆ ಮಡಿಸಿದ ಶುಭ್ರ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ. ನಡುವೆ ತೆಗೆದು ನೋಡಿದರೆ ಕಟ್ಟಿದ ಹೆಪ್ಪು ಒಡೆಯುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಮುರಿದ ಕಾಲಿಗೆ ಕಡ್ಡಿ ಕಟ್ಟುವ ಸಾಹಸ ಬೇಡ, ತಪ್ಪಾಗಿ ಕಟ್ಟಿದರೆ ಮೂಳೆಯ ಚೂಪು ತುದಿ ಚರ್ಮ ಸೀಳಿ ಹೊರಬರುತ್ತದೆ. ಕಣ್ಣುಗುಡ್ಡೆ ಹೊರಬಂದಿದ್ದರೆ ಸಲೈನಿನಲ್ಲಿ ನೆನೆಸಿದ ಗಾಜ್ ಮುಚ್ಚಿ, ಒಳಗೆ ತಳ್ಳಬೇಡಿ. ನೀರು, ಹಾಲು, ಬಿಸ್ಕೆಟ್ ಏನೂ ಬೇಡ. ಅರೆಪ್ರಜ್ಞೆಯಲ್ಲಿ ಶ್ವಾಸಕೋಶಕ್ಕೆ ಹೋಗುತ್ತದೆ, ಅರಿವಳಿಕೆ ಕೊಡುವುದೂ ಕಷ್ಟವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಯಂತೂ ಕೂಡದು. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ. ಕಾಫಿಪುಡಿ, ಸುಣ್ಣ, ಬೂದಿ ತುಂಬಿದ ಗಾಯ ತೊಳೆಯುವುದಕ್ಕೇ ವೈದ್ಯರಿಗೆ ಅರ್ಧ ಗಂಟೆ ಬೇಕಾಗುತ್ತದೆ.

ಇನ್ನು ದುಡ್ಡಿನ ಮಾತು. ಸರ್ಕಾರಿ ಪಶು ಆಸ್ಪತ್ರೆ ಮತ್ತು ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ (ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ) ಖರ್ಚು ಬಹಳ ಕಡಿಮೆ, ತಜ್ಞರೂ ಇರುತ್ತಾರೆ. ಆದರೆ ಕೆಲಸದ ವೇಳೆ ಮುಗಿದ ಮೇಲೆ ಸೌಲಭ್ಯ ಮಿತ, ಒಳರೋಗಿಯಾಗಿ ಇಟ್ಟುಕೊಳ್ಳಲು ಜಾಗ ಸಿಗುವುದು ಕಷ್ಟ. ಖಾಸಗಿ ಕ್ಲಿನಿಕ್ ರಾತ್ರಿಯೂ ಸಿಗುತ್ತದೆ. ಬೆಂಗಳೂರಿನಲ್ಲಿ ಪರೀಕ್ಷೆ, ಎಕ್ಸ್‌ರೇ, ಮೊದಲ ದಿನದ ಔಷಧ ಸೇರಿ ಎರಡರಿಂದ ಐದು ಸಾವಿರ ರೂಪಾಯಿ, ಮೂಳೆಗೆ ಪ್ಲೇಟ್ ಕೂರಿಸಬೇಕೆಂದರೆ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರದವರೆಗೆ, ಬೋರ್ಡಿಂಗ್ (ದುಡ್ಡು ಕೊಟ್ಟು ಪ್ರಾಣಿಯನ್ನು ಇರಿಸುವುದು) ದಿನಕ್ಕೆ ನಾನೂರರಿಂದ ಎಂಟುನೂರು ಎಂದು ಅಂದಾಜು ಇಟ್ಟುಕೊಳ್ಳಿ. ಬಿಲ್ ನೋಡಿ ಎದೆಗುಂದುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ, ಶಸ್ತ್ರಚಿಕಿತ್ಸೆ ಇಲ್ಲದೆ ಆಗುತ್ತದೆಯೇ? ಸೊಂಟದ ಮೂಳೆಯ ಎಷ್ಟೋ ಮುರಿತಗಳು ನಾಲ್ಕರಿಂದ ಆರು ವಾರ ಪಂಜರದ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತವೆ. ಆಗ ಬೇಕಾಗಿರುವುದು ದುಡ್ಡಿಗಿಂತ ಒಂದು ಪಂಜರ ಮತ್ತು ಜಾಗ.

ನಿಮ್ಮ ಬಳಿ ದುಡ್ಡಿದೆ, ಜಾಗವಿಲ್ಲ ಎಂದಾದರೆ ಬೋರ್ಡಿಂಗ್ ಸರಿ. ಜಾಗವಿದೆ, ದುಡ್ಡಿಲ್ಲ ಎಂದಾದರೆ ಕಾಲೇಜು ಆಸ್ಪತ್ರೆ, ಆಮೇಲೆ ಮನೆಯಲ್ಲಿ ಆರೈಕೆ. ಎರಡೂ ಇಲ್ಲವೆಂದರೆ ಸಂಸ್ಥೆಗೆ ಒಪ್ಪಿಸಿ, ಬೀದಿಯಲ್ಲಿ ಅನ್ನ ಹಾಕುವ ನಾಲ್ಕು ಜನ ಸೇರಿ ಖರ್ಚಿನ ಒಂದು ಪಾಲು ಹೊತ್ತುಕೊಳ್ಳುತ್ತೇವೆ ಎಂದು ಹೇಳಿ.

ಮೊದಲ 48 ಗಂಟೆ ಮೂತ್ರ ಹೋಗುತ್ತಿದೆಯೇ ನೋಡಿ. 24 ಗಂಟೆಯಾದರೂ ಹೋಗದಿದ್ದರೆ ಮತ್ತೆ ಆಸ್ಪತ್ರೆಗೆ. ತೆರೆದ ಗಾಯಕ್ಕೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಕಾಣಿಸಿಕೊಳ್ಳುತ್ತದೆ, ಸೊಳ್ಳೆಪರದೆಯೊಳಗೆ ಇಡಿ.

ಬಿಡುವುದು ಹಿಡಿದ ಜಾಗದಲ್ಲೇ, ಹಗಲು ಹೊತ್ತು, ಬೆಳಗಿನ ಟ್ರಾಫಿಕ್ ಇಳಿದ ಮೇಲೆ, ಅದಕ್ಕೆ ಅನ್ನ ಹಾಕುವವರು ಜೊತೆಗಿರುವಾಗ. ಒಂದು ಕಾಲು ತೆಗೆದ, ಕಣ್ಣು ಕಳೆದುಕೊಂಡ, ಹಿಂಗಾಲಿಗೆ ಬಲ ಬಾರದ ನಾಯಿಯನ್ನು ಮಾತ್ರ ದೊಡ್ಡ ರಸ್ತೆಗೆ ಮರಳಿಸಬೇಡಿ. ಮತ್ತೊಂದು ವಿಷಯ ಗಮನದಲ್ಲಿರಲಿ. ಸುಪ್ರೀಂ ಕೋರ್ಟಿನ 2025ರ ನವೆಂಬರ್ 7ರ ಆದೇಶದಂತೆ ಶಾಲಾ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡುವಂತಿಲ್ಲ. ಅಂಥ ಕಡೆಯ ನಾಯಿಯಾದರೆ ಚಿಕಿತ್ಸೆಗೆ ಒಯ್ಯುವಾಗಲೇ ಪಾಲಿಕೆಯವರೊಂದಿಗೆ ಮಾತನಾಡಿ.

ಮನೆಗೆ ತರುವುದು, ದತ್ತು ಕೊಡುವುದು, ಆಶ್ರಯತಾಣಕ್ಕೆ ಸೇರಿಸುವುದು

ಇದು ಎರಡು ಮೂರು ತಿಂಗಳಿನ ಮರಿಗಳಿಗೆ, ಕಳೆದುಹೋದ ಅಥವಾ ಮಾಲೀಕರು ಬಿಟ್ಟುಹೋದ ಸಾಕುನಾಯಿಗಳಿಗೆ, ಅಂಗವೂನವಾದವುಗಳಿಗೆ ಸೂಕ್ತ. ಐದಾರು ವರ್ಷ ಬೀದಿಯಲ್ಲಿ ಬಾಳಿದ ನಾಯಿಯನ್ನು ಎರಡು ಕೋಣೆಯ ಫ್ಲ್ಯಾಟಿಗೆ ತಂದರೆ ಅದು ಬಾಗಿಲು ಕೆರೆಯುತ್ತ, ಊಟ ಬಿಟ್ಟು ಕೂರುವುದೇ ಹೆಚ್ಚು. ಹೊಂದಿಕೊಳ್ಳುವವೂ ಇವೆ, ಆದರೆ ತಿಂಗಳುಗಳ ಕೆಲಸ ಅದು. ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬೇಡಿ.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹೊಸದನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲಿನಲ್ಲಿ ಇಡಿ. ರಕ್ತಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಬಗ್ಗುವುದಿಲ್ಲ, ಬ್ಲೀಚ್ ದ್ರಾವಣ ಬೇಕು. ಲಸಿಕೆಯಾಗದ ಮರಿಯನ್ನು ಕಿಕ್ಕಿರಿದ ಆಶ್ರಯತಾಣಕ್ಕೆ ಬಿಡಬೇಡಿ ಎಂದು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ರಸ್ತೆಯಿಂದ ಉಳಿಸಿದ ಮರಿ ಅಲ್ಲಿ ಪಾರ್ವೊ ಅಥವಾ ನಾಯಿಗಳ ಮತ್ತೊಂದು ಮಾರಕ ವೈರಸ್ ರೋಗವಾದ ಡಿಸ್ಟೆಂಪರ್‌ಗೆ ಬಲಿಯಾಗಬಹುದು. ಆಶ್ರಯತಾಣ ಕೊನೆಯ ಆಯ್ಕೆಯೇ ಆಗಿರಲಿ. ಸೇರಿಸುವ ಮೊದಲು ಹೋಗಿ ನೋಡಿ. ಒಂದು ಆವರಣದಲ್ಲಿ ಎಷ್ಟು ನಾಯಿಗಳಿವೆ, ಹೊಸದಾಗಿ ಬಂದವನ್ನು ಬೇರೆ ಇಡುತ್ತಾರೆಯೇ, ವೈದ್ಯರು ದಿನಾ ಬರುತ್ತಾರೆಯೇ ಎಂದು ಕೇಳಿ.

ದನದ ವಿಷಯವೇ ಬೇರೆ

ಮುನ್ನೂರು ನಾನೂರು ಕೆ.ಜಿ. ತೂಗುವ ಹಸುವನ್ನು ಎತ್ತುವ ಆಯ್ಕೆ ನಿಮಗಿಲ್ಲ. ಏಟು ತಿಂದು ಮಲಗಿದ ದನ ಒಂದೇ ಮಗ್ಗುಲಿಗೆ ಚಾಚಿಕೊಂಡಿದ್ದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಉಸಿರು ಕಟ್ಟುತ್ತದೆ. ನಾಲ್ಕೈದು ಜನ ಸೇರಿ ಎದೆಯ ಮೇಲೆ ಕೂರುವ ಭಂಗಿಗೆ ತಂದು, ಎರಡೂ ಬದಿಗೆ ಹುಲ್ಲಿನ ಅಥವಾ ಮರಳಿನ ಚೀಲ ಒತ್ತಿಟ್ಟು ನಿಲ್ಲಿಸಿ. ಹಿಂಗಾಲಿನ ಒದೆತ ಮುಂದಕ್ಕೂ ಪಕ್ಕಕ್ಕೂ ಬರುತ್ತದೆ, ಬೆನ್ನಿನ ಕಡೆ ನಿಂತು ಕೆಲಸ ಮಾಡಿ. ಗಂಟೆಗಟ್ಟಲೆ ಏಳದಿದ್ದರೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಕೆಳಗೆ ಸಿಕ್ಕ ಕಾಲಿನ ಸ್ನಾಯು, ನರ ಸತ್ತು, ಮೂಳೆ ಮುರಿಯದಿದ್ದರೂ ಮತ್ತೆ ಏಳಲಾಗುವುದಿಲ್ಲ. ರಾತ್ರಿ ಹೊತ್ತು ದನವನ್ನು ಗೂಡ್ಸ್ ಗಾಡಿಗೆ ಹತ್ತಿಸಿಕೊಂಡು ನೀವೇ ಹೊರಡಬೇಡಿ. ಪೊಲೀಸರಿಗೆ ತಿಳಿಸಿ, ಪಶುವೈದ್ಯರ ಪತ್ರ ಪಡೆದು, ಗೋಶಾಲೆಯವರನ್ನು ಜೊತೆಗಿಟ್ಟುಕೊಂಡೇ ಸಾಗಿಸಿ.

ಗಾಯವಾಗದ ಬಿಡಾಡಿ ದನಗಳಲ್ಲಿ ಬಹುಪಾಲು ಬಿಡಾಡಿಯಲ್ಲ. ಹಾಲು ಕರೆದುಕೊಂಡು ಬೆಳಿಗ್ಗೆ ಅಟ್ಟಿದ ದನಗಳವು. ಮಾಲೀಕರ ಜೊತೆ ಮಾತು ಮೊದಲು, ದೊಡ್ಡಿಗೆ ಅಥವಾ ಕೊಂಡವಾಡಕ್ಕೆ ಹೊಡೆಸುವುದು ಆಮೇಲೆ. ಮೇಲೆ ಹೇಳಿದ ನವೆಂಬರ್ 7ರ ಆದೇಶ ಹೆದ್ದಾರಿಗಳಿಂದ ದನಗಳನ್ನು ತೆರವು ಮಾಡಿ ಗೋಶಾಲೆಗೆ ಸೇರಿಸುವ ಹೊಣೆಯನ್ನು ಹೆದ್ದಾರಿ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೇ ಹೊರಿಸಿದೆ. ದೂರು ಕೊಡುವಾಗ ಅದನ್ನು ಉಲ್ಲೇಖಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಎರಡು ಇಂಚಿನ ಪ್ರತಿಫಲಕ ಪಟ್ಟಿಯನ್ನು ಕೊಂಬಿಗೆ ಸುತ್ತುವುದು, ಕೊಂಬಿಲ್ಲದ್ದಕ್ಕೆ ಕೊರಳಿಗೆ ಕಟ್ಟುವುದು ಕೆಲವೇ ರೂಪಾಯಿಗಳ ಕೆಲಸ. ಕತ್ತಲೆಯಲ್ಲಿ ಎಮ್ಮೆ ಹೆಡ್‌ಲೈಟಿಗೆ ಕಾಣುವುದೇ ಇಲ್ಲ, ಪಟ್ಟಿ ಮೊದಲು ಅದಕ್ಕೆ.

ದಯಾಮರಣ

ಬೆನ್ನುಮೂಳೆ ತುಂಡಾಗಿ, ಕಾಲ್ಬೆರಳ ನಡುವೆ ಇಕ್ಕಳದಿಂದ ಹಿಂಡಿದರೂ ನೋವು ತಿಳಿಯದ, ಮಲಮೂತ್ರದ ಹಿಡಿತ ತಪ್ಪಿದ ಪ್ರಾಣಿಗೆ ಕೆಲವೊಮ್ಮೆ ಇದೇ ಸರಿಯಾದ ಆಯ್ಕೆ. ಗುಣವಾಗದ ರೋಗ ಅಥವಾ ಮಾರಣಾಂತಿಕ ಗಾಯವಿರುವ ನಾಯಿಗೆ ಅರ್ಹ ಪಶುವೈದ್ಯರ ಕೈಯಲ್ಲಿ ದಯಾಮರಣಕ್ಕೆ 2023ರ ನಿಯಮಗಳಲ್ಲಿ ಅವಕಾಶವಿದೆ. ವೈದ್ಯರನ್ನು ಹೀಗೆ ಕೇಳಿ: ನೋವು ತಡೆಯಲು ಸಾಧ್ಯವೇ? ತಾನಾಗಿ ತಿನ್ನುವ, ಮೂತ್ರ ಮಾಡುವ ಮಟ್ಟಕ್ಕೆ ಬರುತ್ತದೆಯೇ? ಬಂದರೆ ಅದನ್ನು ಜೀವನಪೂರ್ತಿ ನೋಡಿಕೊಳ್ಳುವವರು ಯಾರು? ಮೂರಕ್ಕೂ ಉತ್ತರ ಸಿಗದಿದ್ದರೆ ಎಳೆದಾಡುವುದು ಪ್ರಾಣಿಗೆ ಹಿಂಸೆ.

ಯಾವ ಆಯ್ಕೆಯಾದರೂ, ರೇಬೀಸ್ ಎಚ್ಚರ

ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತ, ತೂರಾಡುತ್ತ, ಗಂಟಲಲ್ಲಿ ಮೂಳೆ ಸಿಕ್ಕಿದಂತೆ ಕಾಣುವ ನಾಯಿಯ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು. ಡಿಸ್ಟೆಂಪರ್ ಕೂಡ ಹೀಗೇ ತೋರುತ್ತದೆ, ನೋಡಿ ಹೇಳಲಾಗದು. ದೂರದಿಂದ ಜನರನ್ನು ತಡೆದು ಪಾಲಿಕೆಗೂ ಸಂಸ್ಥೆಗೂ ಕರೆ ಮಾಡಿ.

ಹಲ್ಲು ಅಥವಾ ಉಗುರು ತಾಗಿದರೆ, ಗೀರಷ್ಟೇ ಆದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ, ಪೊವಿಡೋನ್ ಅಯೋಡಿನ್ ಹಚ್ಚಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ರಕ್ತ ಬಂದ ಕಡಿತಕ್ಕೆ ಲಸಿಕೆಯೊಂದೇ ಸಾಲದು, ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ನೀವೇ ಕೇಳಿ ಹಾಕಿಸಿಕೊಳ್ಳಿ. ವಾರಕ್ಕೊಮ್ಮೆಯಾದರೂ ಬೀದಿಪ್ರಾಣಿಗಳನ್ನು ಮುಟ್ಟುವವರಾದರೆ ಕಚ್ಚುವ ಮೊದಲೇ 0, 7 ಮತ್ತು 21 ಅಥವಾ 28ನೇ ದಿನ ಮುಂಜಾಗ್ರತಾ ಲಸಿಕೆ ತೆಗೆದುಕೊಳ್ಳಿ. ಹಾಗೆ ಮಾಡಿದವರಿಗೆ ಮುಂದೆ ಕಡಿತವಾದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಆ ಲಸಿಕೆ ಚೀಟಿಯ ಫೋಟೊ ಫೋನಿನಲ್ಲೇ ಇರಲಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.